ಸುಮಿತ್ರಮ್ಮನವರ ಲಾಟು ಹುಡುಕಿದ ಸೀಸನ್

ಕಳೆದ ಜನವರಿಯಲ್ಲಿ ಹಾಸನದಿಂದ ಹೊರನಾಡಿಗೆ ಹೊರಟಿದ್ದ ನಮ್ಮ ಕಾರು ಬಾಳೂರಿನ ಹತ್ತಿರ ನಿಲ್ಲಬೇಕಾಯಿತು. ಮುಂದೆ ರಸ್ತೆಗೆ ಅಡ್ಡಲಾಗಿ ಒಂದು ಜೀಪು. ಇಬ್ಬರು ಅದಕ್ಕೆ ಕಾಫಿ ಮೂಟೆ ಹೇರುತ್ತಿದ್ದರು. ಅವರಿಗೆ ಅವಸರವೇನೂ ಇದ್ದಂತೆ ಕಾಣಲಿಲ್ಲ. ನಮ್ಮ ಯಜಮಾನರು ಹಾರ್ನ್ ಮಾಡಲು ಕೈ ಎತ್ತಿದರು, ನಾನು ತಡೆದೆ. ಇಳಿಸಿದ್ದ ಕಿಟಕಿಯಿಂದ ಎರಡು ವಾಸನೆಗಳು ಒಟ್ಟಿಗೆ ಒಳಗೆ ಬಂದಿದ್ದವು. ಒಂದು ಹೊಸ ಗೋಣಿಚೀಲದ್ದು, ಇನ್ನೊಂದು ಪಕ್ಕದ ಕಣದಲ್ಲಿ ಒಣಗುತ್ತಿದ್ದ ಪಾರ್ಚ್‌ಮೆಂಟಿನದು. ಪಲ್ಪರ್ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಳಪೊರೆಯ ಸಮೇತ ಒಣಗಿಸುವ ಬೀಜಕ್ಕೆ ನಮ್ಮ ಕಡೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಅದಕ್ಕೊಂದು ಸಣ್ಣ ಹುಳಿ ವಾಸನೆ ಇರುತ್ತದೆ. ಕುಡಿಯುವವರಿಗೆ ಕಾಫಿಯ ವಾಸನೆಯೆಂದರೆ ಹುರಿದ ಪುಡಿಯದು. ಅದರ ಜೊತೆ ಕೆಲಸ ಮಾಡಿದವರಿಗೆ ಇದೇ.

‘ಯಾಕೆ ಸುಮ್ಮನಾದೆ?’ ಎಂದರು ಯಜಮಾನರು. ನಾನು ಸುಮ್ಮನಾಗುವುದು ಅವರಿಗೆ ಅಪರೂಪದ ಸಂಗತಿ. ನನಗೆ ಆಗ ನೆನಪಾಗಿದ್ದು ಇದೇ ಬಾಳೂರಿನ ಒಬ್ಬ ಹೆಂಗಸು, ಮತ್ತು ಎರಡು ಸಾವಿರದ ಮೂರರ ಆ ಕಾಫಿ ಸೀಸನ್.

ಆಗ ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಪ್ಯೂಟರ್ ಆಪರೇಟರ್. ಆಲ್ದೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ಆಲ್ದೂರಿನಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಅವರಿಗೆ ನನ್ನ ಕೆಲಸದ ಮೇಲೆ ನಂಬಿಕೆಯೇ ಇರಲಿಲ್ಲ. ‘ಕರೆಂಟು ಹೋದ್ರೆ ಮಾಡೋಕೆ ಬರದ ಕೆಲ್ಸ ಅದೆಂತ ಕೆಲ್ಸ?’ ಎಂದು ಗಿರಾಕಿಗಳ ಮುಂದೆಯೇ ಕೇಳುತ್ತಿದ್ದರು. ಮಲೆನಾಡಿನ ಕರೆಂಟಿನ ಬಗ್ಗೆ ಗೊತ್ತಿದ್ದವರು ಯಾರೂ ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಕ್ಯೂರಿಂಗ್ ವರ್ಕ್ಸ್ ಎಂದರೆ ತೋಟಗಳಿಂದ ಬಂದ ಪಾರ್ಚ್‌ಮೆಂಟಿನ ಪೊರೆ ಬಿಡಿಸಿ, ಬೀಜವನ್ನು ಗಾತ್ರದ ಪ್ರಕಾರ ಜರಡಿ ಹಿಡಿದು, ಕಪ್ಪಾದದ್ದು ಒಡೆದದ್ದು ಆರಿಸಿ, ಮೂಟೆ ಹೊಲಿದು ಕಳಿಸುವ ಜಾಗ. ಒಬ್ಬ ಬೆಳೆಗಾರನಿಂದ ಒಮ್ಮೆಗೆ ಬಂದ ಕಾಫಿಗೆ ಅಲ್ಲಿ ಲಾಟು ಎನ್ನುತ್ತಿದ್ದರು. ಕಪ್ಪು ಬೀಜ ಆರಿಸುವ ಕೆಲಸವನ್ನು ಮೊದಲೆಲ್ಲ ಉದ್ದನೆಯ ಹಾಲ್‌ನಲ್ಲಿ ಸಾಲಾಗಿ ಕೂತ ಹೆಂಗಸರು ಮಾಡುತ್ತಿದ್ದರು. ಆ ವರ್ಷ ಬಣ್ಣ ನೋಡಿ ಬೀಜ ಆರಿಸುವ ಹೊಸ ಯಂತ್ರ ಬಂದಿತ್ತು. ಹಾಲ್‌ನಲ್ಲಿ ಅರ್ಧ ಜಾಗ ಖಾಲಿಯಾಗಿತ್ತು. ಉಳಿದ ಹೆಂಗಸರು ಆ ಯಂತ್ರವನ್ನು ‘ಕಣ್ಣಪ್ಪ’ ಎಂದು ಕರೆದು, ಅದರ ಎದುರು ಹೋಗುವಾಗ ಬೇಕೆಂದೇ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ನಗುತ್ತಿದ್ದರು, ಆದರೆ ಅವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಆ ಖಾಲಿ ಜಾಗ ನೋಡಲು ಹಿಂಸೆಯಾಗುತ್ತಿತ್ತು.

ಕಣ್ಣಪ್ಪನಿಗೆ ಪ್ರತಿ ಲಾಟೂ ಒಂದು ‘ಜಾಬ್’. ತಾನು ಮಾಡಿದ್ದನ್ನೆಲ್ಲ ಅದು ಕಂಪ್ಯೂಟರಿನಲ್ಲಿ ಸಾಲು ಸಾಲಾಗಿ ಬರೆದಿಡುತ್ತಿತ್ತು. ಆ ದಿನಚರಿಗೆ ‘ಲಾಗ್’ ಎಂದು ಹೆಸರು. ಕೆಲಸ ಶುರುವಾಯಿತು, ಬೀಜ ಬರುತ್ತಿದೆ, ಗಾಳಿಯ ಒತ್ತಡ ಇಷ್ಟು, ಇಷ್ಟನೇ ನಂಬರಿನ ಚೀಲ ತುಂಬಿತು, ಮತ್ತೆ ಗಾಳಿಯ ಒತ್ತಡ ಇಷ್ಟು. ಇಷ್ಟು ವಾಚಾಳಿ ಯಂತ್ರವನ್ನು ನಾನು ಇನ್ನೊಂದು ನೋಡಿಲ್ಲ. ದಿನದ ಕೊನೆಗೆ ಪುಟಗಟ್ಟಲೆ ಇಂಗ್ಲಿಷ್ ಬೀಳುತ್ತಿತ್ತು, ಅದರಲ್ಲಿ ನಮಗೆ ಬೇಕಾದ ಮಾತು ಎಲ್ಲೋ ಒಂದೊಂದು. ಹೊರದೇಶದ ಖರೀದಿದಾರನೊಬ್ಬ ಆ ಸಲ ಪ್ರತಿ ಲಾಟಿನ ವಿವರವೂ ಬೇರೆ ಬೇರೆ ಬೇಕು ಎಂದಿದ್ದ. ಯಾರ ಕಾಫಿ, ಯಾವ ಚೀಲದಿಂದ ಯಾವ ಚೀಲದವರೆಗೆ, ಎಷ್ಟು ಬೀಜ ಬಿಸಾಡಿತು. ಒಂದೊಂದು ಲಾಟನ್ನೂ ತಾನೇ ರುಚಿ ನೋಡಿ, ಹಿಡಿಸಿದ ತೋಟದವರಿಂದ ಮುಂದಿನ ವರ್ಷ ನೇರವಾಗಿ ಕೊಳ್ಳುತ್ತಾನಂತೆ. ಲಾಗಿನಿಂದ ಆ ವಿವರ ಹೆಕ್ಕಿ ಪಟ್ಟಿ ಮಾಡುವುದು ನನ್ನ ಪಾಲಿಗೆ ಬಂತು.

ಮೊದಲ ವಾರ ಕಣ್ಣಿನಲ್ಲೇ ಹೆಕ್ಕಿದೆ. ಬಸ್ಸಿನಲ್ಲಿ ಕೂತರೆ ಕಣ್ಣ ಮುಂದೆ ಗಾಳಿಯ ಒತ್ತಡವೇ ಕುಣಿಯುತ್ತಿತ್ತು. ಯಂತ್ರ ಕೂರಿಸಲು ಬಂದಿದ್ದ ಎಂಜಿನಿಯರ್ ನನ್ನ ಅವಸ್ಥೆ ನೋಡಿ ಹೋಗುವ ಮುಂಚೆ ಒಂದು ವಿದ್ಯೆ ಕಲಿಸಿಕೊಟ್ಟ. ಅದರ ಹೆಸರು ರೆಗ್ಯುಲರ್ ಎಕ್ಸ್‌ಪ್ರೆಶನ್. ಕಂಪ್ಯೂಟರಿಗೆ ಹುಡುಕಬೇಕಾದ ಪದವನ್ನೇ ಹೇಳಬೇಕಾಗಿಲ್ಲ, ಅದು ಯಾವ ಆಕಾರದಲ್ಲಿರುತ್ತದೆ ಎಂದು ಹೇಳಿದರೆ ಸಾಕು. \d+ ಎಂದು ಬರೆದರೆ ‘ಒಂದಾದರೂ ಅಂಕಿ, ಎಷ್ಟಾದರೂ ಅಂಕಿ’ ಎಂದರ್ಥ. ಬೇಕಾದ ಭಾಗದ ಸುತ್ತ ಬ್ರಾಕೆಟ್ ಹಾಕಿದರೆ ಅಷ್ಟನ್ನು ಮಾತ್ರ ಕಿತ್ತು ಕೈಗೆ ಕೊಡುತ್ತದೆ. ನಮ್ಮ ಗೋದಾಮಿನ ಜರಡಿಗಳು ಬೀಜಕ್ಕೆ ಮಾಡುವುದನ್ನೇ ಇದು ಅಕ್ಷರಕ್ಕೆ ಮಾಡುತ್ತಿತ್ತು. JOB START ಎಂದು ಶುರುವಾಗುವ ಸಾಲು ಸಿಕ್ಕರೆ ಹೊಸ ಲಾಟು, JOB END ಬಂದರೆ ಮುಗಿಯಿತು, ನಡುವಿನ ಚೀಲಗಳೆಲ್ಲ ಆ ಲಾಟಿನವು. ಅವನು ಬರೆದುಕೊಟ್ಟ ಪ್ಯಾಟರ್ನ್ ಇಷ್ಟೇ.

ಮೊದಲ ಸಲ ಅದನ್ನು ಓಡಿಸಿದಾಗ, ನಾನು ದಿನವೆಲ್ಲ ಹೆಕ್ಕುತ್ತಿದ್ದ ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯ ಮೇಲೆ ಬಂತು. ಖುಷಿಗೆ ಕುರ್ಚಿಯಿಂದ ಎದ್ದು ನಿಂತೆ. ಆಮೇಲೆ ಅದೊಂದು ಹುಚ್ಚೇ ಹಿಡಿಯಿತು. ಬಸ್ಸಿನಲ್ಲಿ ಎದುರು ಬರುವ ಲಾರಿಗಳ ನಂಬರಿಗೆಲ್ಲ ಮನಸ್ಸಿನಲ್ಲೇ ಪ್ಯಾಟರ್ನ್ ಬರೆಯುತ್ತಿದ್ದೆ. ಅಪ್ಪನ ಅಂಗಡಿಯ ಚೀಟಿ ನೋಡಿದರೂ ಇದರಿಂದ ಸಕ್ಕರೆಯನ್ನಷ್ಟೇ ಹೇಗೆ ಕೀಳಬಹುದು ಎಂಬ ಯೋಚನೆ. ಇಂಥ ಸಂತೋಷವನ್ನು ಹಂಚಿಕೊಳ್ಳಲು ಆಲ್ದೂರಿನಲ್ಲಿ ಯಾರೂ ಇರಲಿಲ್ಲ ಎನ್ನುವುದೊಂದೇ ಬೇಸರ.

ಸುಮಿತ್ರಮ್ಮನವರನ್ನು ಮೊದಲು ನೋಡಿದ್ದು ಅದೇ ದಿನಗಳಲ್ಲಿ. ಸೀರೆಯ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು ಕಾಫಿ ಲಾರಿಯ ಮುಂದಿನ ಸೀಟಿನಿಂದ ಇಳಿದರು. ವಯಸ್ಸು ಐವತ್ತರ ಆಸುಪಾಸು. ಲಾರಿ ಅವರ ಬಾವ, ಎಂದರೆ ಗಂಡನ ಅಣ್ಣ, ರುದ್ರೇಗೌಡರದು. ಬಾಳೂರಿನಲ್ಲಿ ದೊಡ್ಡ ತೋಟ ಅವರದು. ಅಣ್ಣತಮ್ಮಂದಿರು ಪಾಲಾಗಿ ಎಷ್ಟೋ ವರ್ಷವಾಗಿತ್ತು. ಆದರೂ ನಮ್ಮ ಬೆಟ್ಟದ ಸೀಮೆಯಲ್ಲಿ ಒಂದು ರೂಢಿ. ತೋಟ ಬೇರೆಯಾದರೂ, ಒಲೆ ಬೇರೆಯಾದರೂ, ಕಾಫಿ ಮಾತ್ರ ಹಿರಿಯಣ್ಣನ ಲಾರಿಯಲ್ಲಿ ಹಿರಿಯಣ್ಣನ ಹೆಸರಿನಲ್ಲೇ ಕ್ಯೂರಿಂಗಿಗೆ ಬರುತ್ತಿತ್ತು. ತಮ್ಮನ ಪಾಲಿಗೆ ಬರಬೇಕಾದದ್ದು ಸರಿಯಾಗಿಯೇ ಬರುತ್ತಿತ್ತು, ಅದರಲ್ಲಿ ಯಾರಿಗೂ ತಕರಾರಿಲ್ಲ. ಕಾಫಿ ಬೇರೆ ಮಾಡಿದರೆ ಮನೆತನ ಒಡೆಯಿತು ಎಂದು ಊರು ಆಡಿಕೊಳ್ಳುತ್ತದೆ ಎಂಬ ಅಂಜಿಕೆ ಅಷ್ಟೆ.

‘ಶಿವಣ್ಣನೋರೇ, ಈ ಸಲ ನಮ್ದು ಬೇರೆ ಬರ್ಕೊಳಿ,’ ಎಂದರು ಸುಮಿತ್ರಮ್ಮ ನಮ್ಮ ಮ್ಯಾನೇಜರಿಗೆ.

‘ರುದ್ರೇಗೌಡ್ರಿಗೆ ಗೊತ್ತುಂಟಾ ಅಮ್ಮಾ?’

‘ಗೊತ್ತಿಲ್ದೆ ಅವ್ರ ಲಾರೀಲೇ ತರ್ತೀನಾ?’

ಶಿವಣ್ಣನವರು ನಕ್ಕು, ಬೇರೆ ನಂಬರು ಕೊಟ್ಟು ಬರೆದುಕೊಂಡರು. ಹೋಗುವಾಗ ಸುಮಿತ್ರಮ್ಮ ನನ್ನ ಮೇಜಿನ ಹತ್ತಿರ ನಿಂತು ಆ ಖರೀದಿದಾರನ ಬಗ್ಗೆ ಕೇಳಿದರು. ಅವನು ನಿಜವಾಗಿಯೂ ಒಂದೊಂದನ್ನೂ ಕುಡಿದು ನೋಡುತ್ತಾನಾ, ನೋಡಿ ಹೇಗಿದೆ ಎಂದು ಬರೆಯುತ್ತಾನಾ? ಹೌದೆಂದೆ. ‘ನಮ್ಮನೇಲಿ ಒಪ್ಪಿದ್ದು ಈ ಒಂದು ಸೀಸನ್ನಿಗೆ ಮಾತ್ರ ಮಾರಾಯ್ತಿ. ಆಗ್ಲಿಲ್ಲ ಅಂದ್ರೆ ಮತ್ತೆ ಬಾವನ ಹೆಸ್ರಲ್ಲೇ,’ ಎಂದರು.

ಫೆಬ್ರವರಿಯೆಲ್ಲ ಕೆಲಸದ ಗದ್ದಲದಲ್ಲಿ ಕಳೆಯಿತು. ಗೋದಾಮಿನ ತುಂಬ ಪೊರೆಯ ಧೂಳು, ಕೂದಲಲ್ಲಿ ಧೂಳು, ಊಟದ ಡಬ್ಬಿಯಲ್ಲಿ ಧೂಳು. ಮಾರ್ಚ್ ಬರುವ ಹೊತ್ತಿಗೆ ಬಿಸಿಲು ಏರಿ, ಎಲ್ಲರ ಬಾಯಲ್ಲೂ ಹೂಮಳೆಯ ಮಾತು. ಕಾಫಿ ಗಿಡದ ಮೊಗ್ಗು ಅರಳಲು ಆ ಒಂದು ಮಳೆ ಹೊತ್ತಿಗೆ ಸರಿಯಾಗಿ ಬೀಳಬೇಕು. ಬೆಳೆಗಾರರು ಆಫೀಸಿಗೆ ಬಂದರೆ ಕೂತು ಮಾತಾಡುತ್ತಿದ್ದರೇ ಹೊರತು ಕಣ್ಣು ಕಿಟಕಿಯಾಚೆಯ ಆಕಾಶದಲ್ಲೇ.

ಅಂಥದೊಂದು ದಿನ ಸುಮಿತ್ರಮ್ಮ ಬಾಳೂರಿನಿಂದ ಮೂಡಿಗೆರೆಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಬಂದರು. ಸೆರಗಿನಲ್ಲಿ ತೋಟದ ಕಿತ್ತಳೆ ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲೆ ಸುರಿದರು. ಸಂಜೆ ಮಂಗಳೂರು ಬಂದರಿಗೆ ಲಾರಿ ಹೊರಡುವುದಿತ್ತು. ಪಟ್ಟಿ ಆಗಲೇ ಪ್ರಿಂಟಾಗಿತ್ತು.

‘ನಮ್ದು ಹೇಗೆ ಬಂತು ನೋಡು,’ ಎಂದರು.

ನೋಡಿದೆ. ಮೇಲಿನಿಂದ ಕೆಳಗೆ ಬೆರಳಾಡಿಸಿದೆ, ಕೆಳಗಿನಿಂದ ಮೇಲೆ ಆಡಿಸಿದೆ. ರುದ್ರೇಗೌಡರ ಲಾಟು ಇತ್ತು, ಸುಮಿತ್ರಮ್ಮನವರದು ಇರಲಿಲ್ಲ. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು. ನಾನು ಹೇಳುವ ಮೊದಲೇ ಅವರಿಗೆ ತಿಳಿಯಿತು. ಮುಖ ಹಾಗೇ ಸಣ್ಣದಾಯಿತು.

ಯಂತ್ರ ನಡೆಸುತ್ತಿದ್ದ ಲಾರೆನ್ಸಣ್ಣನನ್ನು ಕರೆಸಿದೆವು. ಕೆಲಸದಲ್ಲಿ ಹುಷಾರಿ, ಮಾತಿನಲ್ಲಿ ಉದಾಸೀನ.

‘ಆ ಅಮ್ಮನ್ದು ಓಡ್ಸಿದೀನಲ್ಲ. ಗೌಡ್ರ ಲಾಟು ಮುಗಿದ ಕೂಡ್ಲೆ ಹಿಂದೇನೇ ಓಡ್ಸಿದೆ.’

‘ನಡುವೆ ಯಂತ್ರ ನಿಲ್ಸಿದ್ಯಾ?’ ಎಂದರು ಶಿವಣ್ಣನವರು.

‘ಯಾಕ್ ನಿಲ್ಲಿಸ್ಬೇಕು ಸಾರ್? ಒಂದೇ ಲಾರೀಲಿ ಬಂದ ಒಂದೇ ಮನೆ ಕಾಫಿ. ನಿಲ್ಸಿದ್ರೆ ಅದು ಮತ್ತೆ ಬಿಸಿಯಾಗೋಕೆ ಎಷ್ಟೊತ್ತು ಹಿಡೀತದೆ. ಬಟನ್ ಒತ್ತಿ ಹೆಸ್ರು ಬದ್ಲು ಮಾಡ್ದೆ.’

ನನಗೆ ಅಷ್ಟೇ ಸಾಕಾಯಿತು. ಯಂತ್ರ ನಿಲ್ಲಿಸಲಿಲ್ಲ ಎಂದರೆ JOB START ಎಂಬ ಸಾಲು ಹುಟ್ಟಲೇ ಇಲ್ಲ. ಲಾಟು ಬದಲಾದರೆ ಯಂತ್ರ ನಿಂತೇ ನಿಲ್ಲುತ್ತದೆ ಎಂದು ನಂಬಿ ಆ ಎಂಜಿನಿಯರ್ ಪ್ಯಾಟರ್ನ್ ಬರೆದಿದ್ದ. ಅವನಿಗೆ ಯಂತ್ರ ಗೊತ್ತಿತ್ತು, ನಮ್ಮ ಕಡೆಯ ಅಣ್ಣತಮ್ಮಂದಿರ ಕಾಫಿ ಗೊತ್ತಿರಲಿಲ್ಲ. ಸುಮಿತ್ರಮ್ಮನವರ ಚೀಲಗಳೆಲ್ಲ ಬಾವನ ಲಾಟಿನೊಳಗೆ ಸೇರಿಹೋಗಿದ್ದವು. ಪಟ್ಟಿ ನೋಡಿಯೇ ಚೀಲಕ್ಕೆ ಹೆಸರು ಒತ್ತುವುದು, ಹಾಗಾಗಿ ಗೋದಾಮಿನಲ್ಲೂ ಅವುಗಳ ಮೇಲೆ ರುದ್ರೇಗೌಡರ ಹೆಸರೇ ಬಿದ್ದಿತ್ತು.

‘ಅದಿರ್ಲಿ ಗಿರಿಜಾ,’ ಎಂದರು ಶಿವಣ್ಣನವರು ತಗ್ಗಿದ ದನಿಯಲ್ಲಿ. ‘ನಿಲ್ಲಿಸಿಲ್ಲ ಅಂದ್ಮೇಲೆ ಎರಡೂ ಒಂದಕ್ಕೊಂದು ಬೆರೆತಿರ್ತವೆ. ಬೆರೆತಿದ್ದನ್ನ ಬೇರೆ ಲಾಟು ಅಂತ ನಾನು ಹೇಗೆ ಕಳಿಸ್ಲಿ?’

ಅವರು ರುದ್ರೇಗೌಡರಿಗೆ ಫೋನ್ ಮಾಡಿದರು. ಗೌಡರ ದನಿ ದೊಡ್ಡದು, ನಮಗೆಲ್ಲ ಕೇಳಿಸಿತು. ‘ಅವಳ್ದು ಅಂತ ಗೊತ್ತಾದ್ರೆ ಅವಳಿಗೇ ಬರ್ಕೊಡಿ, ನಂದೇನಿಲ್ಲ. ಗೊತ್ತಾಗ್ಲಿಲ್ಲ ಅಂದ್ರೆ ಅದಕ್ಕೊಂದು ರಾದ್ಧಾಂತ ಬೇಡ. ನನ್ನದ್ರಲ್ಲೇ ಹೋಗ್ಲಿ. ನಮ್ಮನೆ ಕಾಫಿ ತಾನೇ?’

ಒಳ್ಳೆಯ ಮನುಷ್ಯ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು.

ಸುಮಿತ್ರಮ್ಮ ಕುರ್ಚಿಯಲ್ಲಿ ಕೂತರು. ಯಾರನ್ನೂ ನೋಡದೆ ಹೇಳಿದರು: ‘ನಂಗೆ ಬಾವನ ಮೇಲೆ ಕೋಪ ಇಲ್ಲಪ್ಪ. ಮದ್ವೆಯಾಗಿ ಬಂದಾಗಿಂದ ಹಣ್ಣು ಕುಯ್ಸೋದು ನಾನು, ಪಲ್ಪರ್ ಹತ್ರ ನಿಲ್ಲೋದು ನಾನು, ಕಣದಲ್ಲಿ ಕೈಯಾಡ್ಸೋದು ನಾನು. ನಿನ್ ಕಾಫಿ ಹೀಗಿದೆ ಅಂತ ಒಂದ್ಸಲನೂ ಯಾರೂ ಹೇಳಿಲ್ಲ. ಚೆನ್ನಾಗಿಲ್ಲ ಅಂತಾದ್ರೂ ಹೇಳ್ಬೇಕಲ್ಲ? ಹೇಳೋಕೆ ಅದು ಬೇರೆ ಇರ್ಲೇ ಇಲ್ಲ.’

ನಾನು ತೆರೆಯ ಕಡೆ ತಿರುಗಿಕೊಂಡೆ. ಅಳು ಬಂದರೆ ನನಗೆ ಕೆಲಸ ಮಾಡುವುದೊಂದೇ ಗೊತ್ತಿದ್ದ ದಾರಿ.

ಆಗಲೇ ಹೊರಗೆ ಕತ್ತಲು ಕವಿದು, ಹೆಂಚಿನ ಮೇಲೆ ದಪ್ಪ ಹನಿಗಳು ಬಿದ್ದವು. ಹೂಮಳೆ! ಗೋದಾಮಿನ ಹಮಾಲಿಗಳು ಅಂಗಳಕ್ಕೆ ಓಡಿ ಕೇಕೆ ಹಾಕಿದರು. ಶಿವಣ್ಣನವರು ಎಲ್ಲ ಮರೆತು ಬಾಗಿಲಿಗೆ ಹೋಗಿ ಕೈ ಚಾಚಿದರು, ಅವರದೂ ಮೂಡಿಗೆರೆ ಕಡೆ ತೋಟವಿತ್ತು. ಮರುಕ್ಷಣ ಕರೆಂಟು ಹೋಯಿತು. ಕಂಪ್ಯೂಟರಿನ ಬ್ಯಾಟರಿ ಪೆಟ್ಟಿಗೆ ಕುಯ್ಯ್ ಕುಯ್ಯ್ ಎಂದು ಕೂಗತೊಡಗಿತು. ನಮ್ಮಪ್ಪ ಆಲ್ದೂರಿನ ಅಂಗಡಿಯಲ್ಲಿ ಕೂತು ನಗುತ್ತಿದ್ದಾರೆ ಎಂದೇ ಅನ್ನಿಸಿತು.

‘ಅಮ್ಮಾ, ನಿಮ್ಮೂರಲ್ಲೂ ಮಳೆ ಆಗ್ತಿರ್ತದೆ. ಈಗ ಹೊರಟ್ರೆ ಬಸ್ಸು ಸಿಗ್ತದೆ,’ ಎಂದೆ. ವರ್ಷದ ಮೊದಲ ಮಳೆ ಬೀಳುವಾಗ ತೋಟದಿಂದ ದೂರ ಇರುವ ಬೆಳೆಗಾರರನ್ನು ನಾನು ನೋಡಿದ್ದೇ ಇಲ್ಲ.

‘ಅದು ಬೀಳೋದು ಬೀಳ್ತದೆ. ನಾನಿಲ್ಲ ಅಂತ ನಿಲ್ತದಾ? ನೀ ನೋಡು,’ ಎಂದರು.

ಲಾರೆನ್ಸಣ್ಣ ಅವರ ಮುಖವನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿ, ಮಳೆಯಲ್ಲೇ ಓಡಿದ. ಗೋದಾಮಿನ ಜನರೇಟರಿನಿಂದ ಆಫೀಸಿನವರೆಗೆ ವಯರು ಎಳೆದು ತಂದ. ತಲೆಯಿಂದ ನೀರು ಸುರಿಸಿಕೊಂಡು ‘ಹಾಕಿ ಈಗ’ ಎಂದ.

ಪಟ್ಟಿ ಬಿಟ್ಟು ಆ ದಿನದ ಲಾಗನ್ನೇ ತೆರೆದೆ. ಬಟನ್ ಒತ್ತಿದರೆ ಯಂತ್ರ LOT CHANGE ಎಂದು ಬರೆಯುತ್ತಿತ್ತು. ಪ್ಯಾಟರ್ನಿನಲ್ಲಿ JOB START ಪಕ್ಕ ಒಂದು ನೇರ ಗೆರೆ ಎಳೆದು LOT CHANGE ಸೇರಿಸಿದೆ. ಆ ಗೆರೆಯ ಅರ್ಥ ‘ಇದು, ಇಲ್ಲವೇ ಅದು’. ಓಡಿಸಿದೆ. ಲಾಟುಗಳೆಲ್ಲ ಚೂರು ಚೂರಾಗಿ ಬಂದವು. ದಪ್ಪ ಬೀಜ ಮುಗಿದು ಸಣ್ಣ ಬೀಜ ಶುರುವಾದಾಗಲೂ ಲಾರೆನ್ಸಣ್ಣ ಅದೇ ಬಟನ್ ಒತ್ತುತ್ತಿದ್ದನಂತೆ! ನನಗೆ ಅವನ ಕೈಯನ್ನೇ ಕಟ್ಟಿಹಾಕಬೇಕೆನ್ನಿಸಿತು. ಹೆಸರು ಬದಲಾದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ತಿದ್ದಿದೆ. ಆ ದಿನದ ಲಾಗಿನಲ್ಲಿ ಅಂಥ LOT CHANGE ಸಾಲು ಒಂದೇ ಒಂದು ಉಳಿಯಿತು. ಅದರ ಮೇಲಿನ ಸಾಲುಗಳನ್ನು ನೋಡಿದೆ. FEED EMPTY, FEED EMPTY, FEED EMPTY ಎಂದು ಸಾಲಾಗಿ ಬಿದ್ದಿತ್ತು.

‘ಲಾರೆನ್ಸಣ್ಣ, ಇಲ್ಲಿ ಬೀಜಾನೇ ಇಲ್ದೆ ಯಂತ್ರ ಓಡಿದೆಯಲ್ಲ, ಎಂತದಿದು?’

ಅವನು ಬಗ್ಗಿ ನೋಡಿ ಸಾಲಿನ ಪಕ್ಕದ ಗಂಟೆ ಓದಿದ. ‘ಅಯ್ಯೋ, ಅದು ಚಾ ಕುಡಿಯೋ ಟೈಮು! ಗೌಡ್ರದ್ದು ಖಾಲಿಯಾಯ್ತು, ಎಲ್ರೂ ಚಾ ಕುಡಿಯೋಕೆ ಹೋದ್ವಿ. ಬಂದ ಮೇಲೆ ಹೆಸ್ರು ಬದ್ಲು ಮಾಡಿ ಈ ಅಮ್ಮನ್ದು ಸುರಿದದ್ದು.’

ಕಾಫಿ ವರ್ಕ್ಸ್‌ನಲ್ಲಿ ಎಲ್ಲರೂ ಕುಡಿಯುತ್ತಿದ್ದುದು ಚಹಾ. ಅವತ್ತು ಅವರು ಅದನ್ನು ನಿಧಾನವಾಗಿಯೇ ಕುಡಿದಿದ್ದರು. ಯಂತ್ರದ ಹೊಟ್ಟೆಯಲ್ಲಿ ಬಾವನ ಒಂದು ಬೀಜವೂ ಉಳಿದಿರದಷ್ಟು ಹೊತ್ತು ಅದು ಖಾಲಿ ಓಡಿತ್ತು. ಎರಡು ಕಾಫಿ ಎಲ್ಲೂ ಬೆರೆತಿರಲಿಲ್ಲ.

ಶಿವಣ್ಣನವರನ್ನು ಬಾಗಿಲಿನಿಂದ ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ಓದಿದರು. ಲಾರೆನ್ಸಣ್ಣನಿಂದ ಇನ್ನೊಮ್ಮೆ ಹೇಳಿಸಿದರು. ‘ಚೀಲದ ನಂಬರು ತೆಗಿ,’ ಎಂದರು. \d+ ಸುತ್ತ ಬ್ರಾಕೆಟ್ ಹಾಕಿ, ಆ ಸಾಲಿನಿಂದ JOB ENDವರೆಗಿನ ನಂಬರುಗಳನ್ನಷ್ಟೇ ಕಿತ್ತುಕೊಟ್ಟೆ. ಲಾರೆನ್ಸಣ್ಣ ಆ ಹಾಳೆ ಹಿಡಿದು ಹಮಾಲಿಗಳನ್ನು ಕರೆದುಕೊಂಡು ಗೋದಾಮಿಗೆ ಹೋದ. ಒಟ್ಟಿದ ಸಾಲಿನ ಮಧ್ಯದಿಂದ ಮೂಟೆ ಎಳೆಯುವುದೆಂದರೆ ಸುಮ್ಮನೆ ಅಲ್ಲ, ಬೈಗುಳ ಆಫೀಸಿನವರೆಗೆ ಕೇಳುತ್ತಿತ್ತು. ಸುಮಿತ್ರಮ್ಮ ಬಾಗಿಲಲ್ಲಿ ನಿಂತು ತಮ್ಮ ಚೀಲಗಳು ಒಂದೊಂದಾಗಿ ಈಚೆಗೆ ಬಂದು ಬೀಳುವುದನ್ನು ನೋಡಿದರು. ಕೊನೆಯದು ಬಂದ ಮೇಲೆ ನನ್ನ ಪಕ್ಕಕ್ಕೆ ಬಂದರು.

‘ಈಗ ಪಟ್ಟೀಲಿ ಬರ್ತದಾ?’

ಓಡಿಸಿದೆ. ರುದ್ರೇಗೌಡರ ಸಾಲಿನ ಕೆಳಗೆ ಹೊಸದೊಂದು ಸಾಲು ಬಂತು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರದು, ಆದರೆ ತಮ್ಮ ಹೆಸರು ಗುರುತು ಹಿಡಿದರು. SUMITHRA. ಯಂತ್ರದಲ್ಲಿ ಹೆಸರಿಗೆ ಕೊಟ್ಟ ಜಾಗ ಸಣ್ಣದು, ಎಂಟಕ್ಷರ ಹಿಡಿಯುತ್ತಿತ್ತು. ಮೇಲಿನ ಸಾಲಿನಲ್ಲಿ ರುದ್ರೇಗೌಡರ ಗೌಡ ಪೂರ್ತಿ ಹಿಡಿಯದೆ ಅರ್ಧಕ್ಕೇ ತುಂಡಾಗಿತ್ತು.

‘ಇಷ್ಟೇನಾ? ಇಂಥೋರ ಹೆಂಡ್ತಿ ಅಂತ ಇಲ್ವಾ? ಮನೆ ಹೆಸ್ರು?’ ಎಂದರು ಸುಮಿತ್ರಮ್ಮ. ಪಹಣಿಯಿಂದ ಹಿಡಿದು ಮದುವೆ ಕಾಗದದವರೆಗೆ ಯಾವ ಕಾಗದದಲ್ಲೂ ಅವರ ಹೆಸರು ಒಂಟಿಯಾಗಿ ನಿಂತದ್ದಿಲ್ಲವಂತೆ.

‘ಅದ್ರಲ್ಲಿ ಹಿಡಿಯೋದೇ ಇಷ್ಟು ಅಮ್ಮ. ಬೇಕಿದ್ರೆ ಪ್ರಿಂಟಲ್ಲಿ ಕೈಯಲ್ಲಿ ಸೇರಿಸ್ತೀನಿ.’

‘ಬೇಡ,’ ಎಂದರು ಥಟ್ಟನೆ. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಹೊರಗೆ ಲಾರಿಯವನು ಹಾರ್ನ್ ಒತ್ತುತ್ತಿದ್ದ. ಶಿವಣ್ಣನವರು ಪ್ರಿಂಟಿಗೆ ಕೈ ಚಾಚಿಕೊಂಡು ನಿಂತಿದ್ದರು.

‘ಈಗ ಅಳಿಸಿದ್ರೆ, ಅದು ತಾನಾಗೇ ಮತ್ತೆ ಬರ್ತದಾ?’

‘ಎಷ್ಟು ಸಲ ಓಡ್ಸಿದ್ರೂ ಬರ್ತದೆ.’

‘ಹಾಗಾದ್ರೆ ಇನ್ನೊಂದ್ಸಲ ಓಡ್ಸು ಮಾರಾಯ್ತಿ, ನೋಡಾಣ,’ ಎಂದರು ಸುಮಿತ್ರಮ್ಮ.

ನಾನು ಶಿವಣ್ಣನವರ ಮುಖ ನೋಡಿದೆ. ಅವರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ತೆರೆ ಅಳಿಸಿ ಮತ್ತೆ ಓಡಿಸಿದೆ.